ನೂರರ ಅಮೀರರು ಕಟ್ಟಿದ ರಾಜ್ಯ: 1347ರ ಬಹಮನಿ ದಂಗೆಯ ಪ್ರಕರಣ ಅಧ್ಯಯನ

ಮಹಮದ್ ಬಿನ್ ತುಘಲಕ್ 1325ರಿಂದ 1351ರವರೆಗೆ ದೆಹಲಿಯ ಗದ್ದುಗೆಯಲ್ಲಿದ್ದ. ಆ ಕಾಲದಲ್ಲಿ ದಖ್ಖನ್ ಅವನಿಗೆ ನೆಮ್ಮದಿ ಕೊಡಲಿಲ್ಲ. 1326-27ರಲ್ಲಿ ಸಗರದಲ್ಲಿ ಅವನ ಸೋದರಸಂಬಂಧಿಯೇ ತಿರುಗಿಬಿದ್ದು ಸೋತ. 1340ರ ಆಸುಪಾಸಿನಲ್ಲಿ ಬೀದರಿನಲ್ಲಿ ಒಬ್ಬ ಅಧಿಕಾರಿ, ಕಲಬುರಗಿಯಲ್ಲಿ ಒಬ್ಬ ಸೇನಾನಿ ಬಂಡೆದ್ದು ಇಬ್ಬರೂ ಸೆರೆಸಿಕ್ಕರು. 1346ರಲ್ಲಿ ದೌಲತಾಬಾದಿನಲ್ಲಿ ಎದ್ದ ದಂಗೆ ಮಾತ್ರ ಅಡಗಲಿಲ್ಲ. 1347ರ ಆಗಸ್ಟ್ 3ರಂದು ಅದು ಒಂದು ರಾಜ್ಯವಾಯಿತು, ಆ ರಾಜ್ಯಕ್ಕೆ ಒಂದು ವಂಶ ಸಿಕ್ಕಿತು, ಆ ವಂಶ ಹದಿನಾರನೆಯ ಶತಮಾನದ ಮೊದಲ ದಶಕಗಳವರೆಗೆ ಹೆಸರಿಗಾದರೂ ಉಳಿಯಿತು.

ನೆಲ ಅದೇ, ಸುಲ್ತಾನ ಅವನೇ, ಬಂಡೆದ್ದವರೂ ಅದೇ ದರ್ಜೆಯ ಸೈನಿಕ ಅಧಿಕಾರಿಗಳು. ಹಾಗಾದರೆ ಈ ಬಾರಿ ಏನು ಬೇರೆಯಾಗಿತ್ತು? ಬಹಮನಿ ರಾಜ್ಯದ ಹುಟ್ಟನ್ನು ನಾವು ಸಾಮಾನ್ಯವಾಗಿ ಹಸನ್ ಎಂಬ ಒಬ್ಬ ಸಾಹಸಿಯ ಅದೃಷ್ಟದ ಕಥೆಯಾಗಿ ಹೇಳುತ್ತೇವೆ. ಆ ಕಥೆ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಹಸನನಿಗಿಂತ ಹೆಚ್ಚು ಹೆಸರಿದ್ದವರು ಅವನಿಗಿಂತ ಮೊದಲೇ ಸೋತಿದ್ದರು. ಇದು ಒಬ್ಬನ ದಂಗೆಯಾಗಿರಲಿಲ್ಲ, ಒಂದು ಇಡೀ ವರ್ಗದ ದಂಗೆಯಾಗಿತ್ತು ಎಂಬಲ್ಲಿಂದ ನೋಡಿದರೆ ಮಾತ್ರ ಅದರ ಗೆಲುವೂ, ಆಮೇಲೆ ಆ ರಾಜ್ಯವನ್ನು ಕಾಡಿದ ಕಷ್ಟವೂ ಅರ್ಥವಾಗುತ್ತವೆ.

ದಖ್ಖನಿಗೆ ಬಂದು ನೆಲೆ ನಿಂತವರು

ಅಲಾಉದ್ದೀನ್ ಖಿಲ್ಜಿ 1296ರಲ್ಲಿ ಯಾದವರ ದೇವಗಿರಿಯ ಮೇಲೆ ಬಿದ್ದದ್ದು ಸಂಪತ್ತಿಗಾಗಿ. 1318ರಲ್ಲಿ ಅವನ ಮಗ ಕುತ್ಬುದ್ದೀನ್ ಮುಬಾರಕ್ ಆ ರಾಜ್ಯವನ್ನೇ ದೆಹಲಿಗೆ ಸೇರಿಸಿಕೊಂಡ. ಅಲ್ಲಿಂದ ಮುಂದೆ ಉತ್ತರದ ಸೈನಿಕರು ಕೊಳ್ಳೆ ಹೊಡೆದು ಹಿಂತಿರುಗುವವರಾಗಿ ಉಳಿಯಲಿಲ್ಲ, ಇಲ್ಲೇ ಇರಬೇಕಾದವರಾದರು. 1327ರಲ್ಲಿ ಮಹಮದ್ ಬಿನ್ ತುಘಲಕ್ ದೇವಗಿರಿಗೆ ದೌಲತಾಬಾದ್ ಎಂದು ಹೆಸರಿಟ್ಟು ಅದನ್ನು ರಾಜಧಾನಿ ಮಾಡಿದಾಗ ಅಧಿಕಾರಿಗಳು, ವಿದ್ವಾಂಸರು, ಸೂಫಿಗಳು, ಅವರ ಕುಟುಂಬಗಳು ದೆಹಲಿಯಿಂದ ಅಲ್ಲಿಗೆ ಹೊರಡಬೇಕಾಯಿತು. ದೆಹಲಿಯಿಂದ ದೌಲತಾಬಾದಿಗೆ ನಲವತ್ತು ದಿನಗಳ ಪ್ರಯಾಣ ಎಂದು ಮೊರಾಕೊದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ.

ಹಾಗೆ ಹೊರಟವರಲ್ಲಿ ಒಬ್ಬ ಹದಿನಾರರ ಹುಡುಗನಿದ್ದ, ಹೆಸರು ಇಸಾಮಿ. ಅವನ ಜೊತೆಗಿದ್ದ ತಾತನಿಗೆ ತೊಂಬತ್ತು ವರ್ಷ. ಆ ವೃದ್ಧ ಮೊದಲ ತಂಗುದಾಣವಾದ ತಿಲ್‌ಪತ್‌ನಲ್ಲೇ ತೀರಿಕೊಂಡ. ಹುಡುಗ ದೌಲತಾಬಾದಿಗೆ ಬಂದು ಅಲ್ಲಿಯೇ ಬೆಳೆದ. ಕೆಲವು ವರ್ಷಗಳ ನಂತರ ಸುಲ್ತಾನ ಜನರಿಗೆ ದೆಹಲಿಗೆ ಮರಳಲು ಅನುಮತಿ ಕೊಟ್ಟ, ಆದರೆ ಎಲ್ಲರೂ ಹಿಂತಿರುಗಲಿಲ್ಲ. ಮನೆ ಕಟ್ಟಿದ್ದರು, ಮದುವೆಗಳಾಗಿದ್ದವು, ಮಕ್ಕಳು ಇಲ್ಲೇ ಹುಟ್ಟಿದ್ದರು. ಆ ಮಕ್ಕಳ ಪಾಲಿಗೆ ದೆಹಲಿ ಎಂದರೆ ಹಿರಿಯರ ಬಾಯಲ್ಲಿ ಕೇಳಿದ ಊರು, ಮತ್ತು ಆದೇಶಗಳು ಬರುವ ದಿಕ್ಕು. ಇಸಾಮಿ ಮುಂದೆ ಬಹಮನಿ ಸುಲ್ತಾನನ ಆಶ್ರಯದಲ್ಲಿ 1350ರ ಹೊತ್ತಿಗೆ ಪರ್ಷಿಯನ್ ಭಾಷೆಯಲ್ಲಿ ಒಂದು ದೀರ್ಘ ಚರಿತ್ರಕಾವ್ಯ ಬರೆದು ಮುಗಿಸಿದ. ದಂಗೆಕೋರರ ಕಡೆಯಿಂದ ನಮಗೆ ದಕ್ಕಿರುವ ಸಮಕಾಲೀನ ದನಿ ಅವನದೇ. ಆ ಕಾವ್ಯದಲ್ಲಿ ತುಘಲಕನ ಮೇಲೆ ಕುದಿಯುವ ಸಿಟ್ಟನ್ನು ಆಶ್ರಯದಾತನಿಗೆ ಹಾಡಿದ ಹೊಗಳಿಕೆಯ ಇನ್ನೊಂದು ಮುಖವೆಂದು ತಳ್ಳಿಹಾಕುವುದು ಸುಲಭ. ತಾತನ ಸಾವನ್ನು ನೆನೆದರೆ ಹಾಗೆ ತಳ್ಳಿಹಾಕಲು ಮನಸ್ಸಾಗುವುದಿಲ್ಲ.

ಈ ನೆಲೆ ನಿಂತ ಸಮಾಜದ ಬೆನ್ನೆಲುಬು ‘ಅಮೀರಾನ್-ಎ-ಸದಾ’, ಅಂದರೆ ನೂರರ ಅಮೀರರು. ಹೆಸರಿನಂತೆ ಅವರು ಸುಮಾರು ನೂರು ಸವಾರರ ದಳಪತಿಗಳು. ಜೊತೆಗೆ ತಮ್ಮ ಪಾಲಿನ ಹಳ್ಳಿಗಳ ಕಂದಾಯ ಎತ್ತುವವರೂ, ಅಲ್ಲಿ ಶಾಂತಿ ಕಾಯುವವರೂ ಅವರೇ. ಅವರಲ್ಲಿ ಅಫಘಾನರಿದ್ದರು, ತುರ್ಕರಿದ್ದರು, ಮಂಗೋಲ ಮೂಲದವರಿದ್ದರು. ಆಸ್ಥಾನದಲ್ಲಿ ಅವರಿಗೆ ದೊಡ್ಡ ಸ್ಥಾನವಿರಲಿಲ್ಲ. ಆದರೆ ಕುದುರೆ, ಕತ್ತಿ, ಹಳ್ಳಿಯ ಲೆಕ್ಕ ಎಲ್ಲವೂ ಅವರ ಕೈಯಲ್ಲಿದ್ದವು. ಮೇಲಿನ ಪ್ರಾಂತಾಧಿಕಾರಿಗಳು ಬದಲಾಗುತ್ತಿದ್ದರು, ಇವರು ಇದ್ದಲ್ಲೇ ಇರುತ್ತಿದ್ದರು.

ಅಡಗಿದ ದಂಗೆಗಳು ಹೇಳುವುದೇನು

ಸಗರ ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಊರು. ಅಲ್ಲಿ ಅಧಿಕಾರದಲ್ಲಿದ್ದ ಬಹಾಉದ್ದೀನ್ ಗುರ್ಶಾಸ್ಪ್ ಸುಲ್ತಾನನ ಸೋದರತ್ತೆಯ ಮಗ. ಹೊಸ ಸುಲ್ತಾನನನ್ನು ಒಪ್ಪದೆ ಬಂಡೆದ್ದು, ಸೋತು, ತುಂಗಭದ್ರೆಯ ದಂಡೆಯ ಕಂಪಿಲಿಗೆ ಓಡಿದ. ಕಂಪಿಲರಾಯ ಆಶ್ರಯ ಕೊಟ್ಟ. ಅದರ ಬೆಲೆ ಏನಾಯಿತು ಎಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಕುಮಾರರಾಮನ ಹೆಸರಿನಲ್ಲಿ ಜನ ಇಂದಿಗೂ ಹಾಡುವ ನಾಡು ಅದು. ಕಂಪಿಲಿ ನಾಶವಾಯಿತು. ಅಲ್ಲಿಂದ ಗುರ್ಶಾಸ್ಪ್ ದ್ವಾರಸಮುದ್ರಕ್ಕೆ ಹೋದ. ಮೂರನೆಯ ಬಲ್ಲಾಳ ಅವನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿದ. ಜೀವಂತ ಚರ್ಮ ಸುಲಿಸಿ, ಅದಕ್ಕೆ ಹೊಟ್ಟು ತುಂಬಿ ಊರೂರು ಮೆರೆಸಿದರು. ಗುರ್ಶಾಸ್ಪನಿಗೆ ರಾಜರಕ್ತವಿತ್ತು, ಕೋಟೆಯಿತ್ತು, ಧೈರ್ಯವೂ ಇತ್ತು. ಇತರ ಅಮೀರರಿಗೆ ಅವನ ಜೊತೆ ನಿಲ್ಲಲು ಕಾರಣವೇ ಇರಲಿಲ್ಲ. ಅವನ ಜಗಳ ಸಿಂಹಾಸನದ್ದು, ಅವರ ಬದುಕಿನದಲ್ಲ.

ಬೀದರಿನ ನುಸ್ರತ್ ಖಾನನದು ಇನ್ನೂ ಸಣ್ಣ ಕಾರಣ. ಮೂರು ವರ್ಷಕ್ಕೆ ಒಂದು ಕೋಟಿ ಟಂಕ (ಆ ಕಾಲದ ನಾಣ್ಯ) ಕಂದಾಯ ಕಟ್ಟುತ್ತೇನೆಂದು ಒಪ್ಪಿಕೊಂಡು ಪ್ರಾಂತವನ್ನು ಗುತ್ತಿಗೆ ಹಿಡಿದಿದ್ದ. ಅಷ್ಟು ಹಣ ನೆಲದಿಂದ ಹುಟ್ಟಲಿಲ್ಲ, ಲೆಕ್ಕ ಕೊಡುವ ದಿನ ಹತ್ತಿರವಾದಾಗ ಬಂಡೆದ್ದ. ಇನ್ನೊಬ್ಬ ಅಲಿ ಶಾ, ಖಿಲ್ಜಿ ಕಾಲದ ಪ್ರಸಿದ್ಧ ಸೇನಾನಿ ಜಫರ್ ಖಾನನ ಸೋದರಳಿಯ, ತಾನೇ ನೂರರ ಅಮೀರ. ಕಂದಾಯ ವಸೂಲಿಗೆಂದು ಕಲಬುರಗಿಗೆ ಬಂದವನು ಅಲ್ಲಿ ಸುಲ್ತಾನನ ಸೈನ್ಯ ತೆಳುವಾಗಿರುವುದನ್ನು ಕಂಡು, ಅಧಿಕಾರಿ ಭಿರಣನನ್ನು ಮೋಸದಿಂದ ಕೊಂದು, ಬೀದರನ್ನೂ ಹಿಡಿದ. ದೌಲತಾಬಾದಿನ ಪ್ರಾಂತಾಧಿಕಾರಿ ಕುತ್ಲುಗ್ ಖಾನ್ ಇಬ್ಬರನ್ನೂ ಮಣಿಸಿದ. ಅಲಿ ಶಾನನ್ನು ಘಜ್ನಿಗೆ ಗಡೀಪಾರು ಮಾಡಿದರು. ಅನುಮತಿಯಿಲ್ಲದೆ ಮರಳಿ ಬಂದಾಗ ಕೊಂದರು.

ಇಲ್ಲಿ ಕುತ್ಲುಗ್ ಖಾನನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಸುಲ್ತಾನನಿಗೆ ಪಾಠ ಹೇಳಿದ ಗುರು. ದಖ್ಖನಿನಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿ ಅಮೀರರ ವಿಶ್ವಾಸ ಗಳಿಸಿದ್ದ. ಅಲಿ ಶಾನ ಬಂಡಾಯವನ್ನು ಅವನು ಇತರ ಅಮೀರರ ಕತ್ತಿಗಳಿಂದಲೇ ಅಡಗಿಸಿದ. ಅಂದರೆ 1340ರಲ್ಲಿ ನೂರರ ಅಮೀರರಲ್ಲಿ ಬಹುಪಾಲು ಜನ ಸುಲ್ತಾನನ ಕಡೆಗಿದ್ದರು. ಆರು ವರ್ಷಗಳಲ್ಲಿ ಅವರು ಪಕ್ಷ ಬದಲಿಸಿದರು. ಈ ಪ್ರಕರಣದ ತಿರುಳು ಆ ಆರು ವರ್ಷಗಳಲ್ಲಿದೆ.

ಹೊರಗಿನ ಚಿತ್ರವೂ ಅಷ್ಟರಲ್ಲಿ ಬದಲಾಗಿತ್ತು. ಮಧುರೆಯಲ್ಲಿ ಜಲಾಲುದ್ದೀನ್ ಅಹಸನ್ 1330ರ ದಶಕದಲ್ಲಿ ಸ್ವತಂತ್ರನಾದ. ಅವನ ಮೇಲೆ ಹೊರಟ ಸುಲ್ತಾನನ ಸೈನ್ಯ ವಾರಂಗಲ್ಲಿನಲ್ಲಿ ಸಾಂಕ್ರಾಮಿಕ ರೋಗಕ್ಕೆ ಸಿಕ್ಕಿ ಹಿಂತಿರುಗಿತು. ತೆಲಂಗಾಣ ಕಾಪಯ ನಾಯಕನ ಕೈಸೇರಿತು. ತುಂಗಭದ್ರೆಯ ದಕ್ಷಿಣಕ್ಕೆ ಹರಿಹರ ಮತ್ತು ಬುಕ್ಕರು ಬೇರೂರಿದ್ದರು. ದೌಲತಾಬಾದಿನ ಅಮೀರರ ಬೆನ್ನ ಹಿಂದೆ ಈಗ ದೆಹಲಿಯ ಹಿಡಿತವಿಲ್ಲದ ವಿಶಾಲ ಸೀಮೆಯಿತ್ತು.

ಧಾರ್‌ನ ಹತ್ಯೆ

1345ರ ಹೊತ್ತಿಗೆ ಸುಲ್ತಾನ ಕುತ್ಲುಗ್ ಖಾನನನ್ನು ದೆಹಲಿಗೆ ಕರೆಸಿಕೊಂಡ. ಕಂದಾಯ ಸಾಲದು ಎಂಬ ದೂರು ಹೋಗಿತ್ತು. ದಖ್ಖನನ್ನು ನಾಲ್ಕು ಭಾಗ ಮಾಡಿ ಹೊಸ ಅಧಿಕಾರಿಗಳನ್ನು ಹಾಕಲಾಯಿತು. ಕುತ್ಲುಗ್ ಖಾನನ ತಮ್ಮ ಆಲಿಮ್-ಉಲ್-ಮುಲ್ಕ್ ಭರೂಚ್‌ನಿಂದ ಬಂದು ದೌಲತಾಬಾದಿನ ಹೊಣೆ ಹೊತ್ತ. ಈ ನಡುವೆ ಒಂದು ಸಂಗತಿ ಎಲ್ಲರ ಗಮನದಿಂದ ಜಾರಿತು. ಕುತ್ಲುಗ್ ಖಾನ್ ಕೂಡಿಹಾಕಿದ್ದ ಕಂದಾಯದ ಹಣವನ್ನು ದಾರಿಯ ಅಪಾಯದಿಂದಾಗಿ ದೆಹಲಿಗೆ ಕಳುಹಿಸಲಾಗಿರಲಿಲ್ಲ. ಅದು ದೌಲತಾಬಾದಿನ ಧಾರಾಗಿರಿ ಕೋಟೆಯಲ್ಲೇ ಉಳಿಯಿತು.

ಮಾಳ್ವಕ್ಕೆ ನೇಮಕವಾದವನು ಅಜೀಜ್ ಖಮ್ಮಾರ್. ಗುಜರಾತ್, ಮಾಳ್ವ, ದಖ್ಖನ್ ಎಲ್ಲ ಕಡೆಯ ತೊಂದರೆಗೂ ಈ ನೂರರ ಅಮೀರರೇ ಮೂಲ ಎಂಬ ಅಭಿಪ್ರಾಯ ಆಸ್ಥಾನದಲ್ಲಿ ಗಟ್ಟಿಯಾಗಿತ್ತು. ಅಜೀಜ್ ಮಾಳ್ವದ ಧಾರ್‌ಗೆ ಬಂದವನೇ ಅಲ್ಲಿನ ಎಂಬತ್ತಕ್ಕೂ ಹೆಚ್ಚು ಅಮೀರರನ್ನು ಹಿಡಿಸಿ, ತನ್ನ ಅರಮನೆಯ ಮುಂದೆ ತಲೆ ಹೊಡೆಸಿದ. ಒಬ್ಬೊಬ್ಬರ ಅಪರಾಧವನ್ನೂ ವಿಚಾರಿಸಲಿಲ್ಲ. ನೂರರ ಅಮೀರನಾಗಿರುವುದೇ ಅಪರಾಧವಾಯಿತು. ಸುದ್ದಿ ಮುಟ್ಟಿದಾಗ ಸುಲ್ತಾನ ಅವನಿಗೆ ಗೌರವದ ನಿಲುವಂಗಿ ಕಳುಹಿಸಿದ, ಆಸ್ಥಾನದ ದೊಡ್ಡವರೂ ಮೆಚ್ಚುಗೆಯ ಪತ್ರ ಬರೆಯಬೇಕೆಂದ.

ಇದನ್ನೆಲ್ಲ ದಾಖಲಿಸಿದ ಜಿಯಾಉದ್ದೀನ್ ಬರನಿ ಸುಲ್ತಾನನ ಜೊತೆಗೇ ಇದ್ದ ಆಸ್ಥಾನಿಕ. ಕುಲೀನರಲ್ಲದವರಿಗೆ ಅಧಿಕಾರ ಸಿಕ್ಕುವುದು ಅವನಿಗೆ ಸಹನೆಯಾಗದ ವಿಷಯ, ಅಜೀಜನ ಹುಟ್ಟನ್ನು ಹೀಯಾಳಿಸದೆ ಅವನ ಹೆಸರನ್ನೇ ಬರೆಯುವುದಿಲ್ಲ. ಆ ಪೂರ್ವಗ್ರಹವನ್ನು ಬದಿಗಿಟ್ಟು ಓದಬೇಕು. ಅಜೀಜನ ಹುಟ್ಟು ಯಾವುದಾದರೇನು, ಅವನು ಮಾಡಿದ ಕೊಲೆ ಸುಲ್ತಾನನ ಇಚ್ಛೆಗೆ ತಕ್ಕದ್ದಾಗಿತ್ತು. ನಿಲುವಂಗಿಯೇ ಅದಕ್ಕೆ ಸಾಕ್ಷಿ.

ಧಾರ್‌ನ ಹತ್ಯೆಯವರೆಗೆ ಪ್ರತಿಯೊಬ್ಬ ಅಮೀರನಿಗೂ ಸುಲ್ತಾನನ ಜೊತೆ ಅವನದೇ ಒಂದು ಲೆಕ್ಕವಿತ್ತು. ನಿಷ್ಠನಾಗಿದ್ದರೆ ಬದುಕು, ತಿರುಗಿಬಿದ್ದರೆ ಸಾವು. ಆ ಲೆಕ್ಕ ಇರುವ ತನಕ ದಂಗೆಕೋರನ ಪಕ್ಕದ ಅಮೀರ ಸುಲ್ತಾನನ ಕಡೆಗೇ ಉಳಿಯುತ್ತಾನೆ. ನಿಷ್ಠನನ್ನೂ ಬಂಡುಕೋರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಕೊಂದ ದಿನ ಆ ಲೆಕ್ಕ ಮುರಿಯಿತು. ಗುಜರಾತಿನ ಅಮೀರರು ಮೊದಲು ಎದ್ದರು. ಅವರನ್ನು ಅಡಗಿಸಲು ಹೊರಟ ಅಜೀಜ್ ಅವರ ಕೈಯಲ್ಲೇ ಸತ್ತ. 1345ರಲ್ಲಿ ಸುಲ್ತಾನ ಸ್ವತಃ ದೆಹಲಿ ಬಿಟ್ಟು ಗುಜರಾತಿನ ಕಡೆ ಹೊರಟ. ಆರು ವರ್ಷಗಳ ನಂತರ ಸಾಯುವವರೆಗೂ ಅವನು ದೆಹಲಿಯನ್ನು ಮತ್ತೆ ಕಾಣಲಿಲ್ಲ.

ದಾರಿಯಿಂದ ಹಿಂತಿರುಗಿದವರು

ಭರೂಚ್‌ನಲ್ಲಿ ಬೀಡುಬಿಟ್ಟ ಸುಲ್ತಾನ ದೌಲತಾಬಾದಿಗೆ ಆಜ್ಞೆ ಕಳುಹಿಸಿದ: ನೂರರ ಅಮೀರರಲ್ಲಿ ಹೆಸರಾದವರನ್ನು 1,500 ಸವಾರರೊಂದಿಗೆ ಕೂಡಲೇ ಇಲ್ಲಿಗೆ ಕಳುಹಿಸಬೇಕು. ಆಲಿಮ್-ಉಲ್-ಮುಲ್ಕ್ ರಾಯಚೂರು, ಮುದಗಲ್, ಕಲಬುರಗಿ, ಬೀದರ್ ಮುಂತಾದೆಡೆಯ ಅಮೀರರನ್ನು ಕರೆಸಿ ಹೊರಡಿಸಿದ. ಹೊರಟವರಿಗೆ ಧಾರ್‌ನಲ್ಲಿ ನಡೆದದ್ದು ಗೊತ್ತಿತ್ತು. ಮೊದಲ ತಂಗುದಾಣದಲ್ಲೇ ಅವರು ತಮ್ಮೊಳಗೆ ಮಾತಾಡಿಕೊಂಡರು. ಭರೂಚ್‌ಗೆ ಹೋದರೆ ತಲೆ ಉಳಿಯುವುದಿಲ್ಲ ಎಂದು ಎಲ್ಲರಿಗೂ ಅನ್ನಿಸಿತು. ಜೊತೆಗೆ ಬಂದಿದ್ದ ಸುಲ್ತಾನನ ಅಧಿಕಾರಿಗಳ ಮೇಲೆ ಬಿದ್ದರು, ದೌಲತಾಬಾದಿಗೆ ಮರಳಿದರು, ಕೋಟೆಯನ್ನು ಹಿಡಿದರು. ಆಲಿಮ್-ಉಲ್-ಮುಲ್ಕನನ್ನು ಕೊಲ್ಲದೆ ಸೆರೆಯಲ್ಲಿಟ್ಟರು, ಸುಲ್ತಾನನ ಕೆಲವು ಅಧಿಕಾರಿಗಳನ್ನು ಕಡಿದು ಹಾಕಿದರು.

ಕೋಟೆಯ ಜೊತೆ ಕುತ್ಲುಗ್ ಖಾನ್ ಕೂಡಿಟ್ಟಿದ್ದ ಹಣವೂ ಅವರ ಕೈಸೇರಿತು. ಅದನ್ನು ಸೈನಿಕರಿಗೆ ಹಂಚಿದರು, ಮರಾಠ ಸೀಮೆಯ ಹಳ್ಳಿಗಳನ್ನು ತಮ್ಮೊಳಗೆ ಪಾಲು ಮಾಡಿಕೊಂಡರು. ದಂಗೆಗಳು ಹೆಚ್ಚಾಗಿ ಮೊದಲ ತಿಂಗಳ ಸಂಬಳಕ್ಕೆ ಹಣವಿಲ್ಲದೆ ಕರಗುತ್ತವೆ. ಇವರಿಗೆ ಆ ಕಷ್ಟ ಬರಲಿಲ್ಲ. ದೆಹಲಿ ಹಲವು ವರ್ಷ ಹಿಂಡಿದ ಕಂದಾಯವೇ ದೆಹಲಿಯ ವಿರುದ್ಧ ಕುದುರೆ ಕಟ್ಟಿತು.

ಅಮೀರರು ಸೇರಿ ಒಬ್ಬ ಸುಲ್ತಾನನನ್ನು ಆರಿಸಿಕೊಂಡರು. ಆರಿಸಿದ್ದು ಹಸನನನ್ನಲ್ಲ. ವಯಸ್ಸಿನಲ್ಲೂ ಹೆಸರಿನಲ್ಲೂ ಹಿರಿಯನಾಗಿದ್ದ ಅಫಘಾನ ಇಸ್ಮಾಯಿಲ್ ಮುಖ್‌ನನ್ನು ನಾಸಿರುದ್ದೀನ್ ಇಸ್ಮಾಯಿಲ್ ಶಾ ಎಂಬ ಹೆಸರಿನಲ್ಲಿ ಗದ್ದುಗೆಯಲ್ಲಿ ಕೂರಿಸಿದರು. ಹುಕ್ಕೇರಿ, ಮಿರಜ್ ಕಡೆಯಲ್ಲಿ ನೆಲೆಯಿದ್ದ ಹಸನನಿಗೆ ಜಫರ್ ಖಾನ್ ಎಂಬ ಬಿರುದು ಸಿಕ್ಕಿತು. ದಂಗೆಯ ಮೊದಲ ದಿನವೇ ಅವರು ಒಂದು ಪದ್ಧತಿಯನ್ನು ಹಾಕಿಬಿಟ್ಟಿದ್ದರು: ಇಲ್ಲಿ ರಾಜನನ್ನು ಮಾಡುವವರು ಅಮೀರರು.

ಸೋತ ರಾತ್ರಿಯ ತೀರ್ಮಾನ

ಸುಲ್ತಾನ ಭರೂಚ್‌ನಿಂದ ಧಾವಿಸಿ ಬಂದ. ದೌಲತಾಬಾದಿನ ಹೊರಗೆ ಯುದ್ಧವಾಯಿತು, ಅಮೀರರು ಸೋತರು. ಹಿಂದಿನ ದಂಗೆಗಳಲ್ಲಿ ಕಥೆ ಮುಗಿಯುತ್ತಿದ್ದದ್ದು ಇಂಥ ಕಡೆಯಲ್ಲೇ. ಸೋತ ನಾಯಕ ಕೋಟೆ ಸೇರಿ ಕೊನೆಗೆ ಶರಣಾಗುತ್ತಿದ್ದ, ಇಲ್ಲವೇ ಪಕ್ಕದ ರಾಜನ ಬಳಿ ಓಡಿ ಅವನನ್ನೂ ಮುಳುಗಿಸುತ್ತಿದ್ದ.

ಅಮೀರರು ಎರಡನ್ನೂ ಮಾಡಲಿಲ್ಲ. ಇಸ್ಮಾಯಿಲ್ ತಕ್ಕಷ್ಟು ದವಸದೊಂದಿಗೆ ಧಾರಾಗಿರಿ ಕೋಟೆಯಲ್ಲಿ ಉಳಿಯಬೇಕು, ಉಳಿದವರು ತಮ್ಮ ತಮ್ಮ ಸೀಮೆಗೆ ಚದುರಿ ಹೋಗಿ ಅಲ್ಲಿಂದ ಕಾಡಬೇಕು ಎಂದು ಒಪ್ಪಿಕೊಂಡರು. ಕಡಿದ ಬಂಡೆಯ ಕಂದಕ, ನೆಟ್ಟಗಿನ ಗುಡ್ಡ, ಕತ್ತಲೆಯ ಸುರಂಗದಾರಿ ಇರುವ ಆ ಕೋಟೆಯನ್ನು ನೋಡಿದವರಿಗೆ ಮೊದಲ ಭಾಗದ ಜಾಣತನ ತಾನಾಗಿ ಹೊಳೆಯುತ್ತದೆ. ಅದನ್ನು ಬಲದಿಂದ ಹಿಡಿಯುವುದು ಅಸಾಧ್ಯಕ್ಕೆ ಹತ್ತಿರ, ಹಾಗೆಂದು ಬಿಟ್ಟು ಹೋಗುವುದಕ್ಕೂ ಸುಲ್ತಾನನಿಗೆ ಆಗುವುದಿಲ್ಲ. ಎರಡನೆಯ ಭಾಗ ಇನ್ನೂ ಮುಖ್ಯ. ನೂರರ ಅಮೀರನ ಶಕ್ತಿ ಇದ್ದದ್ದೇ ಅವನ ಹಳ್ಳಿಗಳಲ್ಲಿ, ಅವನ ಪರಿಚಯದ ದೇಸಾಯಿ-ಗೌಡರಲ್ಲಿ. ಒಂದೇ ಬಯಲಲ್ಲಿ ಸೇರಿ ನಿಂತಾಗ ಅವರು ಸುಲ್ತಾನನಿಗಿಂತ ದುರ್ಬಲರು. ಚದುರಿದಾಗ ಅವನ ಕೈಗೆ ಸಿಗದವರು. ಹಸನ್ ಕಲಬುರಗಿಯ ಕಡೆಗೆ ಹೋದ. ಅವನ ಬೆನ್ನಟ್ಟಲು ಸುಲ್ತಾನ ಇಮಾದ್-ಉಲ್-ಮುಲ್ಕ್ ಸರ್ತೇಜ್‌ನನ್ನು ಕಳುಹಿಸಿದ.

ಅಷ್ಟರಲ್ಲಿ ಗುಜರಾತಿನಲ್ಲಿ ತಘಿ ಎಂಬ ಮಾಜಿ ಗುಲಾಮ ಎದ್ದು ಖಂಭಾತನ್ನು ಲೂಟಿ ಮಾಡಿ ಭರೂಚ್‌ಗೆ ಮುತ್ತಿಗೆ ಹಾಕಿದ ಸುದ್ದಿ ಬಂತು. ಸುಲ್ತಾನ ದೌಲತಾಬಾದಿನ ಮುತ್ತಿಗೆಯನ್ನು ಕೆಲವು ಸೇನಾನಿಗಳಿಗೆ ಒಪ್ಪಿಸಿ ಗುಜರಾತಿಗೆ ಮರಳಿದ. ಇದನ್ನು ಬಹಮನಿಗಳ ಅದೃಷ್ಟ ಎಂದು ಕರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗುಜರಾತ್ ಕುದಿಯುತ್ತಿದ್ದದ್ದು, ಅಲ್ಲಿ ತಘಿಯಂಥವನಿಗೆ ಬೆಂಬಲಿಗರು ಸಿಕ್ಕಿದ್ದು, ದಖ್ಖನ್ ಎದ್ದದ್ದು, ಮೂರೂ ಒಂದೇ ಬೇರಿನಿಂದ ಬಂದವು. ಒಂದು ವರ್ಗವನ್ನೇ ಶತ್ರುವೆಂದು ಸಾರಿದ ಆಡಳಿತಕ್ಕೆ ಆ ವರ್ಗ ಹರಡಿರುವ ಎಲ್ಲ ಪ್ರಾಂತಗಳಲ್ಲೂ ಬೆಂಕಿ ಕಾಣಿಸಿಕೊಳ್ಳಲೇಬೇಕಿತ್ತು. ಸುಲ್ತಾನನಿಗೂ ಇದು ಒಳಗೆ ತಿಳಿದಿತ್ತೆಂದು ತೋರುತ್ತದೆ. ತನ್ನ ರಾಜ್ಯಕ್ಕೆ ರೋಗ ಬಡಿದಿದೆ, ಒಂದಕ್ಕೆ ಮದ್ದು ಕೊಟ್ಟರೆ ಇನ್ನೊಂದು ಏಳುತ್ತದೆ ಎಂದು ಅವನು ಬರನಿಯ ಬಳಿ ಹೇಳಿಕೊಂಡ. ಹಿಂದಿನ ರಾಜರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಬರನಿ ಸಿಂಹಾಸನ ತ್ಯಜಿಸಿದವರ ಉದಾಹರಣೆಯನ್ನೂ ಮುಂದಿಟ್ಟ. ಸುಲ್ತಾನ ಕತ್ತಿಯ ದಾರಿಯನ್ನೇ ಹಿಡಿದ.

ಹಸನ್ ಸರ್ತೇಜ್‌ನ ಎದುರು ನಿಂತ. ವಾರಂಗಲ್ಲಿನ ಕಾಪಯ ನಾಯಕ ಅವನಿಗೆ 15,000 ಕಾಲಾಳುಗಳನ್ನು ಕಳುಹಿಸಿದ ಎಂದು ಚರಿತ್ರೆಕಾರ ಫೆರಿಶ್ತಾ ಬರೆಯುತ್ತಾನೆ. ಎರಡೂವರೆ ಶತಮಾನದ ನಂತರ ಬರೆದವನ ಅಂಕಿಯನ್ನು ಹಾಗೆಯೇ ನಂಬಬೇಕಿಲ್ಲ. ಆದರೆ ದೆಹಲಿಯಿಂದ ಆಗಲೇ ಬಿಡಿಸಿಕೊಂಡಿದ್ದ ತೆಲುಗು ನಾಯಕನಿಗೂ ಬಂಡೆದ್ದ ಅಮೀರನಿಗೂ ಶತ್ರು ಒಬ್ಬನೇ ಆಗಿದ್ದ ಎಂಬುದು ನಂಬತಕ್ಕ ಮಾತು. ಸರ್ತೇಜ್ ಯುದ್ಧದಲ್ಲಿ ಸತ್ತ. ದೌಲತಾಬಾದಿಗೆ ಮುತ್ತಿಗೆ ಹಾಕಿದ್ದ ಸೈನ್ಯ ಗುಡಾರ ಕಿತ್ತು ಧಾರ್‌ನ ಕಡೆಗೆ ಓಡಿತು.

ಗದ್ದುಗೆ ಬಿಟ್ಟ ಹಿರಿಯ

ಗೆದ್ದ ಸೇನಾನಿ ರಾಜಧಾನಿಗೆ ಬರುತ್ತಾನೆ, ಅಲ್ಲಿ ಮುತ್ತಿಗೆಯನ್ನು ತಾಳಿಕೊಂಡ ರಾಜ ಇದ್ದಾನೆ. ಇಬ್ಬರಲ್ಲಿ ಯಾರು? ದಂಗೆಗಳು ಗೆದ್ದ ಮೇಲೆ ಸಾಯುವ ಜಾಗ ಇದು. ಇಸ್ಮಾಯಿಲ್ ಶಾ ಕೋಟೆಯಿಂದ ಇಳಿದು ಬಂದು, ತನಗೆ ವಯಸ್ಸಾಯಿತು, ಈ ಭಾರವನ್ನು ಹಸನನೇ ಹೊರಲಿ ಎಂದು ಗದ್ದುಗೆ ಬಿಟ್ಟುಕೊಟ್ಟ. ಅಮೀರರು ಒಪ್ಪಿದರು. 1347ರ ಆಗಸ್ಟ್ 3ರಂದು ಹಸನ್, ಅಲಾಉದ್ದೀನ್ ಹಸನ್ ಬಹಮನ್ ಶಾ ಎಂಬ ಹೆಸರಿನಲ್ಲಿ ಸುಲ್ತಾನನಾದ.

ಇಸ್ಮಾಯಿಲ್ ನಿಜಕ್ಕೂ ಮನಸಾರೆ ಬಿಟ್ಟನೇ, ಗೆದ್ದ ಸೈನ್ಯವನ್ನು ಕಂಡು ಬಿಟ್ಟನೇ ಎಂಬ ಪ್ರಶ್ನೆ ಸಹಜ. ಅವನಿಗೆ ಅಮೀರ್-ಉಲ್-ಉಮರಾ, ಅಂದರೆ ಅಮೀರರ ಅಮೀರ, ಎಂಬ ಪದವಿ ಸಿಕ್ಕಿತು. ಆದರೆ ಆಸ್ಥಾನದಲ್ಲಿ ವಕೀಲ, ಅಂದರೆ ಪ್ರಧಾನಮಂತ್ರಿಯಾಗಿದ್ದ ಸೈಫುದ್ದೀನ್ ಘೋರಿಗೆ ತನಗಿಂತ ಮೇಲಿನ ಸ್ಥಾನ ಕೊಟ್ಟದ್ದನ್ನು ಸಹಿಸದೆ ಸಂಚು ಹೂಡಿ, ಸಿಕ್ಕಿಬಿದ್ದು, ಪ್ರಾಣ ಕಳೆದುಕೊಂಡ ಎಂದು ಫೆರಿಶ್ತಾ ಹೇಳುತ್ತಾನೆ. ಅವನ ಮಗನ ಮೇಲೆ ಹಸನ್ ಕೈ ಮಾಡಲಿಲ್ಲ, ತಂದೆಯ ಪದವಿಯನ್ನೇ ಕೊಟ್ಟ. ಈ ಕೊನೆಯ ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅಪರಾಧ ಮಾಡಿದವನಿಗೆ ಶಿಕ್ಷೆ ಆಯಿತು, ಅವನ ಕುಲಕ್ಕೆ ಆಗಲಿಲ್ಲ. ಧಾರ್‌ನಲ್ಲಿ ಮುರಿದುಬಿದ್ದ ಲೆಕ್ಕವನ್ನು ಹೊಸ ರಾಜ ಮತ್ತೆ ಜೋಡಿಸುತ್ತಿದ್ದ, ಅದನ್ನು ನೋಡುತ್ತಿದ್ದವರು ಆ ಲೆಕ್ಕಕ್ಕಾಗಿಯೇ ಬಂಡೆದ್ದ ಅಮೀರರು.

ಗಂಗು ಎಂಬ ಬ್ರಾಹ್ಮಣನ ಕಥೆಯನ್ನು ಇಲ್ಲಿ ಮುಟ್ಟದೆ ಹೋಗುವಂತಿಲ್ಲ. ದೆಹಲಿಯಲ್ಲಿ ಗಂಗು ಎಂಬ ಜ್ಯೋತಿಷಿಯ ಹೊಲದಲ್ಲಿ ದುಡಿಯುತ್ತಿದ್ದ ಹಸನನಿಗೆ ನಿಧಿ ಸಿಕ್ಕಿತು, ಪ್ರಾಮಾಣಿಕನಾಗಿ ಅದನ್ನು ಒಡೆಯನಿಗೆ ಒಪ್ಪಿಸಿದ, ಆ ಕೃತಜ್ಞತೆಯಿಂದ ಗಂಗುವಿನ ಹೆಸರನ್ನು ಮುಂದೆ ವಂಶಕ್ಕೆ ಸೇರಿಸಿಕೊಂಡ ಎಂದು ಫೆರಿಶ್ತಾ ಬರೆದ. ಕೇಳಲು ಚೆಂದದ ಕಥೆ. ಹಸನನ ನಾಣ್ಯಗಳಲ್ಲಾಗಲಿ, ಅವನ ಕಣ್ಣೆದುರೇ ಬರೆದ ಇಸಾಮಿಯ ಕಾವ್ಯದಲ್ಲಾಗಲಿ ಇದರ ಸುಳಿವಿಲ್ಲ. ಪರ್ಷಿಯಾದ ಪುರಾಣಪ್ರಸಿದ್ಧ ವೀರ ಇಸ್ಫಂದಿಯಾರನ ಮಗ ಬಹಮನನ ಕುಲ ತನ್ನದೆಂದು ಹಸನ್ ಹೇಳಿಕೊಂಡ. ಆ ವಂಶಾವಳಿಯನ್ನೂ ಇತಿಹಾಸಕಾರರು ಅಕ್ಷರಶಃ ನಂಬುವುದಿಲ್ಲ. ನೂರು ಸವಾರರ ದಳಪತಿಯೊಬ್ಬ, ನಿನ್ನೆಯವರೆಗೆ ತನ್ನ ಸಮಾನರಾಗಿದ್ದವರ ಮೇಲೆ ರಾಜನಾಗಿ ಕೂರಬೇಕಾದಾಗ ಅವನಿಗೆ ಒಂದು ದೊಡ್ಡ ಪೂರ್ವಜ ಬೇಕಾಗುತ್ತದೆ.

ಬಂಡಾಯವನ್ನು ರಾಜ್ಯ ಮಾಡುವ ಕೆಲಸ

ಹಸನ್ ರಾಜಧಾನಿಯನ್ನು ಕಲಬುರಗಿಗೆ ತಂದ. ದೌಲತಾಬಾದ್ ಗುಜರಾತ್ ಮತ್ತು ಮಾಳ್ವಗಳ ದಾರಿಯ ಬಾಯಲ್ಲಿದೆ, ದೆಹಲಿಯ ಸೈನ್ಯ ಮೊದಲು ತಲುಪುವುದೇ ಅಲ್ಲಿಗೆ. ಕಲಬುರಗಿ ಒಳನಾಡು. ಕನ್ನಡ, ಮರಾಠಿ, ತೆಲುಗು ಮಾತಾಡುವ ಸೀಮೆಗಳ ನಡುವಿನ ಊರು, ಹಸನನ ಸ್ವಂತ ಬಲದ ನೆಲ. ಸುತ್ತಲ ಕೋಟೆಗಳು ಒಂದೇ ದಿನದಲ್ಲಿ ಬಗ್ಗಲಿಲ್ಲ. ಕಲ್ಯಾಣ, ಸಗರ, ಮುಧೋಳ ಎಂದು ಒಂದೊಂದನ್ನೇ ಹಿಡಿಯಬೇಕಾಯಿತು. ಆ ಕಾರ್ಯಾಚರಣೆಗಳನ್ನು ಇಸಾಮಿ ಸಾಲುಸಾಲಾಗಿ ವರ್ಣಿಸಿದ್ದಾನೆ.

ನಾಣ್ಯದ ಮೇಲೆ ಹಸನ್ ತನ್ನನ್ನು ‘ಎರಡನೆಯ ಸಿಕಂದರ್’ ಎಂದು ಕರೆದುಕೊಂಡ. ಅದು ಅಲಾಉದ್ದೀನ್ ಖಿಲ್ಜಿಯ ಬಿರುದು, ಅಲಾಉದ್ದೀನ್ ಎಂಬ ಹೆಸರೂ ಅವನದೇ. ದೆಹಲಿಯಿಂದ ಬಿಡಿಸಿಕೊಂಡವರು ದೆಹಲಿಯ ಹಳೆಯ ವೈಭವವನ್ನೇ ಉಟ್ಟುಕೊಂಡದ್ದು ನನಗೆ ವಿರೋಧಾಭಾಸವಾಗಿ ಕಾಣುವುದಿಲ್ಲ. ಅವರು ತಿರಸ್ಕರಿಸಿದ್ದು ಒಬ್ಬ ಸುಲ್ತಾನನನ್ನು. ಸುಲ್ತಾನನೆಂದರೆ ಹೀಗಿರಬೇಕು ಎಂಬ ಅವರ ಕಲ್ಪನೆ ಬದಲಾಗಿರಲಿಲ್ಲ. ಕಲಬುರಗಿ ಕೋಟೆಯ ಬಳಿ ಇರುವ ಹಸನನ ಗೋರಿಯ ಇಳಿಜಾರು ಗೋಡೆಗಳೂ ತಗ್ಗಾದ ಗುಮ್ಮಟವೂ ತುಘಲಕ್ ಶೈಲಿಯವೇ. ಇಪ್ಪತ್ತು ವರ್ಷಗಳಲ್ಲಿ, 1367ರಲ್ಲಿ, ಅದೇ ಕೋಟೆಯೊಳಗೆ ಎದ್ದ ಜಾಮಿ ಮಸೀದಿ ಮಾತ್ರ ಬೇರೆ ಮಾತನ್ನೇ ಆಡುತ್ತದೆ. ಅಂಗಳವಿಲ್ಲದೆ ಪೂರ್ತಿ ಮುಚ್ಚಿದ, ಅಗಲ ಕಮಾನುಗಳ ಆ ಕಟ್ಟಡ ದೆಹಲಿಯ ಯಾವ ಮಸೀದಿಯ ನಕಲೂ ಅಲ್ಲ.

ಬಂಡುಕೋರನಿಗೆ ಧರ್ಮದ ಒಪ್ಪಿಗೆಯೂ ಬೇಕಿತ್ತು. ಮಹಮದ್ ಬಿನ್ ತುಘಲಕ್ ಸ್ವತಃ ಕೈರೋದ ಅಬ್ಬಾಸಿ ಖಲೀಫನಿಂದ ಮಾನ್ಯತೆ ತರಿಸಿಕೊಂಡಿದ್ದ. ಅಂಥವನ ವಿರುದ್ಧ ಎದ್ದವರು ತಪ್ಪಿತಸ್ಥರಲ್ಲವೇ? ಸೂಫಿ ಸಂತ ಸಿರಾಜುದ್ದೀನ್ ಜುನೈದಿಯ ಆಶೀರ್ವಾದ ಹಸನನಿಗೆ ದೊರೆಯಿತು. ಅವನ ಮಗ ಒಂದನೆಯ ಮಹಮದ್ ಶಾನ ಕಾಲದಲ್ಲಿ ರಾಜಮಾತೆ ಮೆಕ್ಕಾ ಯಾತ್ರೆಗೆ ಹೋದಾಗ ಖಲೀಫನಿಂದ ಬಹಮನಿಗಳಿಗೂ ಮಾನ್ಯತೆ ಬಂತು. ಅದು 1360ರ ಹೊತ್ತಿನ ಮಾತು. ದಂಗೆ ಎದ್ದು ಹದಿಮೂರು-ಹದಿನಾಲ್ಕು ವರ್ಷಗಳಾಗಿದ್ದವು.

ಹಸನ್ 1358ರಲ್ಲಿ ತೀರಿಕೊಂಡ, ಮಗ ಗದ್ದುಗೆಯೇರಿದ. ಸೈಫುದ್ದೀನ್ ಘೋರಿಯ ಮಗಳೇ ಹೊಸ ಸುಲ್ತಾನನ ಪತ್ನಿ, ಹಾಗಾಗಿ ಅಮೀರರಲ್ಲಿ ಬಲಿಷ್ಠನಾದವನು ರಾಜನ ಬೆನ್ನಿಗಿದ್ದ. ಕಲಬುರಗಿ, ದೌಲತಾಬಾದ್, ಬೇರಾರ್, ಬೀದರ್ ಎಂಬ ನಾಲ್ಕು ತರಫ್‌ಗಳಾಗಿ, ಅಂದರೆ ಪ್ರಾಂತಗಳಾಗಿ, ಆಡಳಿತ ಗಟ್ಟಿಯಾಯಿತು. ಆದರೆ ಪ್ರತಿ ತರಫ್‌ದಾರನ ಕೈಯಲ್ಲೂ ಸೈನ್ಯವಿತ್ತು, ಕಂದಾಯವಿತ್ತು, ಕೋಟೆಗಳ ನೇಮಕವಿತ್ತು. ನೂರರ ಅಮೀರನ ಅಧಿಕಾರವನ್ನೇ ನೂರು ಪಟ್ಟು ಹಿಗ್ಗಿಸಿದ ರೂಪ ಅದು.

1360ರ ದಶಕದಲ್ಲೇ ಅದರ ಫಲ ಕಂಡಿತು. ದೌಲತಾಬಾದಿನಲ್ಲಿ, ಅದೇ ಕೋಟೆಯಲ್ಲಿ, ಬಹರಾಮ್ ಖಾನ್ ಮಾಜಂದರಾನಿ ಬಹಮನಿ ಸುಲ್ತಾನನ ವಿರುದ್ಧ ಬಂಡೆದ್ದ. ಅವನು ದೆಹಲಿಯ ಫಿರೋಜ್ ಶಾ ತುಘಲಕನ ನೆರವು ಬೇಡಿದ ಎಂದು ದೆಹಲಿಯ ಚರಿತ್ರೆಕಾರ ಅಫೀಫ್ ಬರೆಯುತ್ತಾನೆ. ಫಿರೋಜ್‌ನ ಮನಸ್ಸು ಆಗ ಸಿಂಧ್‌ನ ಥಟ್ಟಾದ ಮೇಲಿತ್ತು. ಮಹಮದ್ ಬಿನ್ ತುಘಲಕ್ ತಘಿಯನ್ನು ಅಟ್ಟಿಕೊಂಡು ಹೋಗಿ 1351ರಲ್ಲಿ ಸತ್ತದ್ದು ಅದೇ ಥಟ್ಟಾದ ಹತ್ತಿರ. ದಖ್ಖನಿನ ಕರೆ ಬದಿಗೆ ಸರಿಯಿತು, ದೆಹಲಿ ಮತ್ತೆ ಬರಲಿಲ್ಲ.

ಹೊರಗಿನ ಅಪಾಯ ಹೋಯಿತು, ಒಳಗಿನದು ಉಳಿಯಿತು. 1378ರಲ್ಲಿ ಒಂದೇ ವರ್ಷ ಇಬ್ಬರು ಸುಲ್ತಾನರ ಕೊಲೆಯಾಯಿತು. 1397ರಲ್ಲಿ ತಘಲ್ಚೀನ್ ಎಂಬ ತುರ್ಕ ಅಧಿಕಾರಿ ಎಳೆಯ ಸುಲ್ತಾನನ ಕಣ್ಣು ಕೀಳಿಸಿ ಇನ್ನೊಬ್ಬನನ್ನು ಕೂರಿಸಿದ. ಹದಿನೈದನೆಯ ಶತಮಾನದ ಕೊನೆಯಲ್ಲಿ ಮಂತ್ರಿ ಮಹಮೂದ್ ಗವಾನ್ ನಾಲ್ಕು ತರಫ್‌ಗಳನ್ನು ಎಂಟು ಮಾಡಿ, ತರಫ್‌ದಾರನಿಗೆ ಒಂದೇ ಕೋಟೆಯನ್ನು ಬಿಟ್ಟು ಉಳಿದ ಕೋಟೆಗಳನ್ನು ಸುಲ್ತಾನನ ನೇರ ಹಿಡಿತಕ್ಕೆ ತಂದ. 1347ರಿಂದ ಬಿಗಿಯದೆ ಬಿಟ್ಟಿದ್ದ ಗಂಟನ್ನು ಬಿಗಿಯಲು ನಿಜವಾಗಿ ಕೈಹಾಕಿದವನು ಅವನೊಬ್ಬನೇ ಎಂದು ನಾನು ಭಾವಿಸುತ್ತೇನೆ. ಎದುರಾಳಿ ಸರದಾರರು ಸುಳ್ಳು ಪತ್ರವೊಂದನ್ನು ಸೃಷ್ಟಿಸಿದರು, ಸುಲ್ತಾನ ನಂಬಿದ, 1481ರಲ್ಲಿ ಗವಾನನ ತಲೆ ಹೋಯಿತು.

ಹತ್ತು ವರ್ಷ ಕಳೆಯುವುದರೊಳಗೆ ಅಹಮದ್‌ನಗರದಲ್ಲಿ ಮಲಿಕ್ ಅಹಮದ್, ಬಿಜಾಪುರದಲ್ಲಿ ಯೂಸುಫ್ ಆದಿಲ್ ಖಾನ್, ಬೇರಾರಿನಲ್ಲಿ ಫತೇವುಲ್ಲಾ ಇಮಾದ್-ಉಲ್-ಮುಲ್ಕ್ ಸ್ವತಂತ್ರರಂತೆ ಆಳತೊಡಗಿದರು. ಗೋಲ್ಕೊಂಡ ಆಮೇಲೆ ಸೇರಿಕೊಂಡಿತು. ಅಷ್ಟು ಹೊತ್ತಿಗೆ ರಾಜಧಾನಿಯಾಗಿದ್ದ ಬೀದರಿನಲ್ಲಿ ಬರೀದ್ ಮನೆತನ ಸುಲ್ತಾನನನ್ನು ಅರಮನೆಯೊಳಗೇ ಕಾವಲಿಟ್ಟಿತು. ಆ ವಂಶದ ಕೊನೆಯವನು ಕಲೀಮುಲ್ಲಾ. ಉತ್ತರದಲ್ಲಿ ಬಾಬರ್ 1526ರಲ್ಲಿ ಗೆದ್ದ ಸುದ್ದಿ ತಿಳಿದು, ಗುಟ್ಟಾಗಿ ಅವನಲ್ಲಿಗೆ ದೂತನನ್ನು ಕಳುಹಿಸಿದ. ತನ್ನ ಅಮೀರರಿಂದ ಬಿಡಿಸಿದರೆ ಬೇರಾರನ್ನೂ ದೌಲತಾಬಾದನ್ನೂ ಒಪ್ಪಿಸುವುದಾಗಿ ಮಾತು ಕೊಟ್ಟ. ಬಾಬರನಿಂದ ನೆರವು ಬರಲಿಲ್ಲ, ಗುಟ್ಟು ಬಯಲಾಯಿತು. ಕಲೀಮುಲ್ಲಾ ಬೀದರಿನಿಂದ ತಪ್ಪಿಸಿಕೊಂಡು ಮೊದಲು ಬಿಜಾಪುರಕ್ಕೆ, ಅಲ್ಲಿಂದ ಅಹಮದ್‌ನಗರಕ್ಕೆ ಹೋಗಿ, ತನ್ನ ಪೂರ್ವಜರ ಅಧಿಕಾರಿಗಳ ಮಕ್ಕಳ ಆಶ್ರಯದಲ್ಲಿ ಕೊನೆಯುಸಿರೆಳೆದ.